ಜ್ವರ ಬರಿಸಿ ಕ್ಯಾನ್ಸರ್ ಗಡ್ಡೆ ಕರಗಿಸಿದ ಡಾಕ್ಟರ್: ಬಿಸಿ ಕಿಮೋಗೂ ಮೊದಲಿನ ವಿಲಿಯಂ ಕೋಲಿ ಕಥೆ

ಹಾವೇರಿ: ಜನವರಿ 12 ಅಂದರೆ ನಮ್ಮ ಕಡೆ ಶಾಲೆ-ಕಾಲೇಜುಗಳಲ್ಲಿ ವಿವೇಕಾನಂದ ಜಯಂತಿ. ಸ್ವಾಮೀಜಿ ಹುಟ್ಟಿದ್ದು 1863ರ ಜನವರಿ 12ಕ್ಕೆ. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1862ರ ಜನವರಿ 12ರಂದು, ಅಮೆರಿಕದಲ್ಲಿ ಒಬ್ಬ ಡಾಕ್ಟರ್ ಹುಟ್ಟಿದರು. ಹೆಸರು ವಿಲಿಯಂ ಕೋಲಿ. ಇದೇ ತಾರೀಕಿಗೆ 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದರು. ಕ್ಯಾನ್ಸರ್‌ಗೆ ಔಷಧಿ ಕೊಡುವ ಕಿಮೋಥೆರಪಿಯ ಆರಂಭದಲ್ಲಿ ಸುಬ್ಬರಾವ್ ಹೆಸರಿದೆ. ಕ್ಯಾನ್ಸರ್ ಮೇಲೆ ಜ್ವರದ ಕಾವನ್ನು ಬಿಟ್ಟು ನೋಡಿದವರಲ್ಲಿ ದೊಡ್ಡ ಹೆಸರು ಕೋಲಿ ಅವರದು.

ಇವತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಈ ಎರಡನ್ನೂ ಸೇರಿಸಿ ಒಂದು ಚಿಕಿತ್ಸೆ ಕೊಡುತ್ತಾರೆ. ಕಿಮೋ ಔಷಧಿಯನ್ನು ಬಿಸಿ ಮಾಡಿ ಹೊಟ್ಟೆಯೊಳಗೆ ಹರಿಸುವುದು. ಡಾಕ್ಟರುಗಳು ಅದಕ್ಕೆ ಹೈಪೆಕ್ ಅಂತಾರೆ. ಬ್ಯಾಡಗಿ, ರಾಣೆಬೆನ್ನೂರು ಕಡೆಯಿಂದ ಬೆಂಗಳೂರಿಗೆ ಪೇಷಂಟ್ ಕರೆದುಕೊಂಡು ಹೋದ ಮನೆಯವರಿಗೆ ಈ ಹೆಸರು ಕಿವಿಗೆ ಬಿದ್ದಿರಬಹುದು. ಬಿಸಿಗೆ ಕ್ಯಾನ್ಸರ್ ಸಾಯುತ್ತದಾ ಅನ್ನೋ ಪ್ರಶ್ನೆ ಆಗಲೇ ಏಳುತ್ತದೆ. ಸಾಯುತ್ತದೆ, ಆದರೆ ಬಿಸಿಗೆ ಅಳತೆ ಇರಬೇಕು. ಅಳತೆ ಇಲ್ಲದಿದ್ದರೆ ನಿಜವಾದ ಮದ್ದು ಕೂಡ ಹೇಗೆ ಮೂಲೆಗೆ ಬೀಳುತ್ತದೆ ಅನ್ನೋದಕ್ಕೆ ಕೋಲಿ ಅವರ ಜೀವನವೇ ಸಾಕ್ಷಿ.

ಮೇಷ್ಟ್ರು ಆಗಿದ್ದವರು ಡಾಕ್ಟರ್ ಆದರು

ಕೋಲಿ ಹುಟ್ಟಿದ್ದು ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್ ಊರಿನ ಸಾಗಟಕ್ ಎಂಬಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ 1884ರಲ್ಲಿ ಪದವಿ ಪಡೆದರು. ಮೊದಲು ಓದಿದ್ದು ಗ್ರೀಕ್, ಲ್ಯಾಟಿನ್ ಭಾಷೆಗಳನ್ನು. ಪದವಿ ಮುಗಿದ ಮೇಲೆ ದೇಶದ ಇನ್ನೊಂದು ತುದಿಯ ಪೋರ್ಟ್‌ಲ್ಯಾಂಡ್‌ನಲ್ಲಿ ಎರಡು ವರ್ಷ ಮೇಷ್ಟ್ರಾಗಿ ಪಾಠ ಹೇಳಿದರು. ಆಮೇಲೆ ಮನಸ್ಸು ವೈದ್ಯಕೀಯದ ಕಡೆ ತಿರುಗಿತು. ಹಾರ್ವರ್ಡ್ ಮೆಡಿಕಲ್ ಕಾಲೇಜು ಸೇರಿ 1888ರಲ್ಲಿ ಡಾಕ್ಟರ್ ಆದರು. ಅಲ್ಲಿಂದ ನೇರ ನ್ಯೂಯಾರ್ಕ್ ಆಸ್ಪತ್ರೆಗೆ ಬಂದು ಸರ್ಜರಿ ವಿಭಾಗ ಸೇರಿದರು.

ಆ ಕಾಲದಲ್ಲಿ ಕ್ಯಾನ್ಸರ್‌ಗೆ ಇದ್ದದ್ದು ಒಂದೇ ದಾರಿ, ಕೊಯ್ದು ತೆಗೆಯೋದು. ಎಕ್ಸ್‌ರೇ ಇನ್ನೂ ಬಂದಿರಲಿಲ್ಲ, ಕಿಮೋ ಅನ್ನೋ ಮಾತೇ ಇರಲಿಲ್ಲ. ಪೆನಿಸಿಲಿನ್ ಬರೋದಕ್ಕೆ ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಕತ್ತರಿಸಿ ತೆಗೆದ ಮೇಲೂ ಗಡ್ಡೆ ಮತ್ತೆ ಬಂದರೆ ಡಾಕ್ಟರ್ ಕೈಚೆಲ್ಲುತ್ತಿದ್ದರು.

17ರ ಹುಡುಗಿಯ ಸಾವು

1890ರಲ್ಲಿ ಬೆಸ್ಸಿ ಡ್ಯಾಶಿಯಲ್ ಎಂಬ 17 ವರ್ಷದ ಹುಡುಗಿ ಕೋಲಿ ಹತ್ತಿರ ಬಂದಳು. ರೈಲು ಪ್ರಯಾಣದಲ್ಲಿ ಅವಳ ಬಲಗೈ ಸೀಟಿನ ಸಂದಿಗೆ ಸಿಕ್ಕಿ ನೋವಾಗಿತ್ತು. ಸಣ್ಣ ಪೆಟ್ಟು ಅಂತ ಮನೆಯವರು ಸುಮ್ಮನಿದ್ದರು. ಆದರೆ ಬಾವು ಇಳಿಯಲಿಲ್ಲ, ನೋವು ದಿನದಿನಕ್ಕೆ ಜಾಸ್ತಿ ಆಯಿತು. ಪರೀಕ್ಷೆ ಮಾಡಿದರೆ ಸಾರ್ಕೋಮಾ. ಮೂಳೆ, ಸ್ನಾಯುಗಳಂತಹ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್ ಅದು.

ಕೋಲಿ ಅವಳ ಕೈಯನ್ನು ಮೊಣಕೈ ಕೆಳಗೆ ಕತ್ತರಿಸಿ ತೆಗೆದರು. ಅದೂ ಸಾಲಲಿಲ್ಲ. ರೋಗ ಆಗಲೇ ಮೈಯೆಲ್ಲ ಹರಡಿತ್ತು. 1891ರ ಜನವರಿ 23ರಂದು ಬೆಸ್ಸಿ ತೀರಿಕೊಂಡಳು. ಕೋಲಿ ಅವರಿಗೆ ಆಗ 29 ವರ್ಷ. ಡಾಕ್ಟರಿಕೆ ಶುರು ಮಾಡಿ ಮೂರು ವರ್ಷವೂ ತುಂಬಿರಲಿಲ್ಲ. ಕಣ್ಣೆದುರೇ ನಡೆದ ಈ ಸಾವು ಅವರನ್ನು ಬಿಡಲಿಲ್ಲ.

ಬೆಸ್ಸಿ ದೊಡ್ಡ ಶ್ರೀಮಂತರ ಮನೆಗೂ ಬೇಕಾದವಳಾಗಿದ್ದಳು. ಎಣ್ಣೆ ವ್ಯಾಪಾರದಲ್ಲಿ ಜಗತ್ತಿಗೇ ದೊಡ್ಡ ಕುಳವಾಗಿದ್ದ ರಾಕ್‌ಫೆಲರ್ ಅವರ ಮಗ ಜಾನ್ ರಾಕ್‌ಫೆಲರ್ ಜೂನಿಯರ್ ಅವಳ ಆಪ್ತ ಗೆಳೆಯ. ಮುಂದೆ ಈ ಮನೆತನ ಕ್ಯಾನ್ಸರ್ ಆಸ್ಪತ್ರೆಗೆ, ಸಂಶೋಧನೆಗೆ ಬಹಳ ಹಣ ಕೊಟ್ಟಿತು.

ಹಳೇ ಫೈಲಿನಲ್ಲಿ ಸಿಕ್ಕ ಒಂದು ಹೆಸರು

ಕೋಲಿ ಆಸ್ಪತ್ರೆಯ ಹಳೇ ದಾಖಲೆಗಳನ್ನು ತೆಗೆದು ಕೂತರು. ಸಾರ್ಕೋಮಾ ಬಂದವರಲ್ಲಿ ಯಾರಾದರೂ ಬದುಕಿದ್ದಾರಾ ಅಂತ ಒಂದೊಂದೇ ಕೇಸು ನೋಡುತ್ತಾ ಹೋದರು. ಆಗ ಫ್ರೆಡ್ ಸ್ಟೈನ್ ಎಂಬ ಹೆಸರು ಕಣ್ಣಿಗೆ ಬಿತ್ತು.

ಸ್ಟೈನ್ ಜರ್ಮನಿಯಿಂದ ವಲಸೆ ಬಂದ ಬಡವ. ಏಳು ವರ್ಷದ ಹಿಂದೆ ಅವನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು. ಆಪರೇಷನ್ ಮಾಡಿದಂತೆಲ್ಲ ಮತ್ತೆ ಮತ್ತೆ ಬಂತು. ಡಾಕ್ಟರುಗಳು ಆಸೆ ಬಿಟ್ಟಿದ್ದರು. ಅಷ್ಟರಲ್ಲಿ ಆಪರೇಷನ್ ಗಾಯಕ್ಕೆ ಎರಿಸಿಪೆಲಸ್ ಎಂಬ ಸೋಂಕು ತಗುಲಿತು. ಚರ್ಮ ಕೆಂಪಗೆ ಉರಿದು ಬಾತುಕೊಂಡು, ಮೈ ಕೆಂಡದಂತೆ ಕಾಯುವ ರೋಗ ಇದು. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬರುತ್ತದೆ. ಆಗಿನ ಕಾಲದಲ್ಲಿ ಇದು ಬಂದರೆ ಜೀವ ಉಳಿಯುವುದೇ ಕಷ್ಟ. ಆದರೆ ಸ್ಟೈನ್ ಉಳಿದ. ಜ್ವರ ಏರಿದಾಗೆಲ್ಲ ಗಡ್ಡೆ ಕರಗಿತು. ಕೊನೆಗೆ ಗಡ್ಡೆ ಪೂರ್ತಿ ಮಾಯವಾಗಿ ಮನೆಗೆ ಹೋದ ಅಂತ ಫೈಲಿನಲ್ಲಿ ಬರೆದಿತ್ತು.

ಫೈಲಿನಲ್ಲಿ ಬರೆದದ್ದನ್ನು ಕೋಲಿ ಹಾಗೇ ನಂಬಲಿಲ್ಲ. ಆ ಮನುಷ್ಯ ಈಗ ಎಲ್ಲಿದ್ದಾನೆ, ಇದ್ದಾನಾ ಇಲ್ವಾ ಅಂತ ಹುಡುಕಲು ಹೊರಟರು. ನ್ಯೂಯಾರ್ಕ್‌ನ ಲೋವರ್ ಈಸ್ಟ್ ಸೈಡ್ ಅಂದರೆ ವಲಸೆ ಬಂದ ಬಡವರು ಒತ್ತೊತ್ತಾಗಿ ಇರುತ್ತಿದ್ದ ಓಣಿಗಳು. ಅಲ್ಲಿ ಮನೆ ಮನೆ ವಿಚಾರಿಸುತ್ತಾ ಹೋದರು. ಕೊನೆಗೆ ಸ್ಟೈನ್ ಸಿಕ್ಕೇಬಿಟ್ಟ. ಕುತ್ತಿಗೆಯಲ್ಲಿ ಆಪರೇಷನ್ ಕಲೆ ಬಿಟ್ಟರೆ ರೋಗದ ಗುರುತೇ ಇರಲಿಲ್ಲ.

ಇಂತಹ ಘಟನೆ ಮೊದಲೂ ಆಗಿದ್ದುಂಟು. 1866ರಲ್ಲೇ ಜರ್ಮನಿಯ ವಿಲ್ಹೆಲ್ಮ್ ಬುಷ್ ಎಂಬ ಸರ್ಜನ್, ಎರಿಸಿಪೆಲಸ್ ಬಂದ ಮೇಲೆ ಒಬ್ಬ ಹೆಂಗಸಿನ ಮುಖದ ಗಡ್ಡೆ ಕರಗಿದ್ದನ್ನು ಬರೆದಿದ್ದರು. ಆದರೆ ಅದನ್ನೇ ಹಿಡಿದುಕೊಂಡು ಜೀವಮಾನ ಪೂರ್ತಿ ಕೆಲಸ ಮಾಡಿದವರು ಕೋಲಿ.

ಬೇಕಂತಲೇ ಜ್ವರ ಬರಿಸಿದರು

1891ರ ಮೇ ತಿಂಗಳಲ್ಲಿ ಝೋಲಾ ಎಂಬ ಇಟಲಿ ಮೂಲದ ಪೇಷಂಟ್ ಸಿಕ್ಕ. ಅವನ ಗಂಟಲಲ್ಲಿ, ಕುತ್ತಿಗೆಯಲ್ಲಿ ಗಡ್ಡೆ. ಊಟ ಇಳಿಯುತ್ತಿರಲಿಲ್ಲ, ಮಾತೂ ಕಷ್ಟ. ಬೇರೆ ದಾರಿ ಇರಲಿಲ್ಲ. ಕೋಲಿ ಜೀವಂತ ಸ್ಟ್ರೆಪ್ಟೊಕಾಕಸ್ ರೋಗಾಣುಗಳನ್ನು ಅವನಿಗೆ ಚುಚ್ಚಿದರು.

ಮೊದಲ ಕೆಲವು ತಿಂಗಳು ಅಷ್ಟೇನೂ ಆಗಲಿಲ್ಲ. ಸ್ವಲ್ಪ ಜ್ವರ, ಸ್ವಲ್ಪ ಗಡ್ಡೆ ಇಳಿಯೋದು, ಮತ್ತೆ ಬೆಳೆಯೋದು. ಕೋಲಿ ಬಿಡಲಿಲ್ಲ. ಇನ್ನೂ ತೀವ್ರವಾದ ರೋಗಾಣು ತರಿಸಿದರು. ಅಕ್ಟೋಬರ್‌ನಲ್ಲಿ ಅದನ್ನು ಚುಚ್ಚಿದಾಗ ಎರಿಸಿಪೆಲಸ್ ಜೋರಾಗಿ ಎದ್ದಿತು. ಜ್ವರ 105 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ಝೋಲಾ ಸಾವಿನ ಬಾಗಿಲಿಗೆ ಹೋಗಿ ಬಂದ. ಆದರೆ ಕುತ್ತಿಗೆಯ ಗಡ್ಡೆ ಒಡೆದು ಕರಗಲು ಶುರುವಾಯಿತು, ಎರಡು ವಾರದಲ್ಲಿ ಹೋಯಿತು. ಕೆಲವೇ ವಾರ ಬದುಕುತ್ತಾನೆ ಅಂದುಕೊಂಡಿದ್ದ ಮನುಷ್ಯ ಎಂಟು ವರ್ಷ ಬದುಕಿದ.

ಎಲ್ಲರ ಕಥೆಯೂ ಹೀಗೆ ಆಗಲಿಲ್ಲ. ಕೆಲವರಿಗೆ ಎಷ್ಟು ಚುಚ್ಚಿದರೂ ಜ್ವರವೇ ಬರುತ್ತಿರಲಿಲ್ಲ. ಇನ್ನು ಕೆಲವರಿಗೆ ಜ್ವರ ಕೈ ಮೀರಿತು. ಎರಿಸಿಪೆಲಸ್‌ನಿಂದಲೇ ಇಬ್ಬರು ತೀರಿಕೊಂಡರು. ಆಂಟಿಬಯಾಟಿಕ್ ಇಲ್ಲದ ಕಾಲ, ಒಮ್ಮೆ ಹಚ್ಚಿದ ಬೆಂಕಿ ಆರಿಸಲು ಡಾಕ್ಟರ್ ಕೈಯಲ್ಲಿ ಏನೂ ಇರಲಿಲ್ಲ.

ಸತ್ತ ರೋಗಾಣುವಿನ ಮದ್ದು

ಜೀವಂತ ರೋಗಾಣು ಅಪಾಯ ಅಂತ ಗೊತ್ತಾದ ಮೇಲೆ ಕೋಲಿ ದಾರಿ ಬದಲಿಸಿದರು. ರೋಗಾಣುಗಳನ್ನು ಸಾಯಿಸಿ ಚುಚ್ಚಿದರೆ ಸೋಂಕು ಹರಡುವುದಿಲ್ಲ, ಆದರೆ ಜ್ವರ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಜೊತೆಗೆ ಈಗ ಸೆರೇಶಿಯಾ ಎಂದು ಕರೆಯುವ ಇನ್ನೊಂದು ರೋಗಾಣುವನ್ನೂ ಬೆರೆಸಿದರು. ಈ ಮಿಶ್ರಣಕ್ಕೆ ಮುಂದೆ ಕೋಲಿ ಟಾಕ್ಸಿನ್ ಅಂತ ಹೆಸರಾಯಿತು.

1893ರ ಜನವರಿ 24ರಂದು ಇದನ್ನು 16 ವರ್ಷದ ಹುಡುಗನಿಗೆ ಕೊಟ್ಟರು. ಅವನ ಹೊಟ್ಟೆಯಲ್ಲಿ ದೊಡ್ಡ ಸಾರ್ಕೋಮಾ ಗಡ್ಡೆ ಇತ್ತು, ಹಾಸಿಗೆ ಹಿಡಿದಿದ್ದ. ಕೋಲಿ ಸಣ್ಣ ಡೋಸಿನಿಂದ ಶುರು ಮಾಡಿ ದಿನದಿನಕ್ಕೆ ಏರಿಸುತ್ತಾ ಹೋದರು. ಪ್ರತಿ ಸಲ ಚಳಿ ಬಂದು ಜ್ವರ ಏರುತ್ತಿತ್ತು, ಪ್ರತಿ ಸಲ ಗಡ್ಡೆ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಮೇ ತಿಂಗಳ ಹೊತ್ತಿಗೆ ಹುಡುಗ ಎದ್ದು ಮನೆಗೆ ಹೋದ. ಅವನು ಅದಾದ ಮೇಲೆ 26 ವರ್ಷ ಬದುಕಿದ. ಕೊನೆಗೆ ತೀರಿಕೊಂಡದ್ದು ಹೃದಯಾಘಾತದಿಂದ, ಕ್ಯಾನ್ಸರ್‌ನಿಂದ ಅಲ್ಲ.

ಕೋಲಿ ಅವರ ಕಟ್ಟುನಿಟ್ಟು ಒಂದೇ. ಜ್ವರ ಬರಲೇಬೇಕು, 102ರಿಂದ 104 ಡಿಗ್ರಿ ತನಕ ಏರಲೇಬೇಕು, ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸಬೇಕು. ಸಾಧ್ಯವಾದರೆ ಗಡ್ಡೆಯೊಳಗೇ ಚುಚ್ಚಬೇಕು. ಬೇರೆ ಡಾಕ್ಟರುಗಳು ಎರಡು ಮೂರು ಚುಚ್ಚುಮದ್ದು ಕೊಟ್ಟು, ಜ್ವರ ಬಂದ ಕೂಡಲೇ ಹೆದರಿ ನಿಲ್ಲಿಸುತ್ತಿದ್ದರು. ಆಮೇಲೆ ಇದು ಕೆಲಸ ಮಾಡಲ್ಲ ಅಂತ ಬರೆಯುತ್ತಿದ್ದರು.

ಒಂದೇ ಚೀಟಿ, ಒಳಗೆ ಬೇರೆ ಮಾಲು

1899ರಿಂದ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿ ಕೋಲಿ ಟಾಕ್ಸಿನ್ ತಯಾರಿಸಿ ಮಾರತೊಡಗಿತು. ಸಮಸ್ಯೆ ಶುರುವಾದದ್ದು ಇಲ್ಲೇ. ಒಂದೇ ಹೆಸರಿನಲ್ಲಿ ಕನಿಷ್ಠ 13 ಬಗೆಯ ತಯಾರಿಕೆಗಳು ಬಂದುಹೋದವು. ಕೆಲವು ಖಡಕ್, ಕೆಲವು ಸಪ್ಪೆ. ಹೆಚ್ಚು ಕಾಯಿಸಿದ ಮದ್ದು ಬಲ ಕಳೆದುಕೊಳ್ಳುತ್ತಿತ್ತು.

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಚೀಲ ನೋಡುವವರಿಗೆ ಇದು ಬೇಗ ತಿಳಿಯುತ್ತದೆ. ಡಬ್ಬಿ, ಕಡ್ಡಿ ಅಂತ ಹೆಸರು ಹೇಳಿದರೆ ಸಾಲದು, ಚೀಲ ಬಿಚ್ಚಿ ಬಣ್ಣ ನೋಡಬೇಕು, ತೇವ ನೋಡಬೇಕು. ಹೊರಗಿನ ಮೆಣಸಿನಕಾಯಿ ತಂದು ಬ್ಯಾಡಗಿ ಹೆಸರಲ್ಲಿ ಮಾರಿದರೆ ಕೆಟ್ಟ ಹೆಸರು ಬರೋದು ಬ್ಯಾಡಗಿಗೆ. ಕೋಲಿ ಮದ್ದಿಗೂ ಅದೇ ಆಯಿತು. ಸಪ್ಪೆ ಮಾಲು ಕೊಟ್ಟ ಕಡೆ ಗಡ್ಡೆ ಕರಗಲಿಲ್ಲ, ಹೆಸರು ಕೆಟ್ಟದ್ದು ಕೋಲಿ ಅವರದು.

ಟೀಕೆ ಮಾಡಿದವರ ಮಾತಿನಲ್ಲೂ ಹುರುಳಿತ್ತು. ಕೋಲಿ ಅವರ ಕೆಲವು ಪೇಷಂಟುಗಳ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ಸರಿಯಾಗಿ ಪರೀಕ್ಷಿಸಿರಲಿಲ್ಲ. ಅದು ನಿಜವಾಗಿ ಕ್ಯಾನ್ಸರ್ ಆಗಿತ್ತಾ ಅನ್ನೋದೇ ಪ್ರಶ್ನೆ. ಎಷ್ಟು ಡೋಸು, ಎಷ್ಟು ದಿನ, ಎಷ್ಟು ಜ್ವರ ಅನ್ನೋ ಲೆಕ್ಕ ಎಲ್ಲ ಕೇಸಿನಲ್ಲೂ ಒಂದೇ ರೀತಿ ಇರಲಿಲ್ಲ. ಮದ್ದು ಕೊಟ್ಟವರು, ಕೊಡದವರು ಅಂತ ಎರಡು ಗುಂಪು ಮಾಡಿ ಹೋಲಿಸುವ ಪದ್ಧತಿ ಆಗ ಇರಲಿಲ್ಲ. ಯಾಕೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಲು ಕೋಲಿ ಅವರಿಗೂ ಆಗಲಿಲ್ಲ.

ಇದೇ ಹೊತ್ತಿಗೆ ಎದುರಾಳಿ ಬಂತು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು, ಅದರ ಹಿಂದೆಯೇ ರೇಡಿಯಂ ಬಂತು. ಮೆಷಿನ್ ಹಚ್ಚಿದರೆ ಗಡ್ಡೆ ಸಣ್ಣದಾಗುವುದು ಕಣ್ಣಿಗೆ ಕಾಣುತ್ತಿತ್ತು. ಎಷ್ಟು ಕೊಟ್ಟೆವು ಅಂತ ಅಳೆಯಲೂ ಬರುತ್ತಿತ್ತು. ಕೋಲಿ ಕೆಲಸ ಮಾಡುತ್ತಿದ್ದ ಮೆಮೋರಿಯಲ್ ಆಸ್ಪತ್ರೆಯಲ್ಲೇ ಜೇಮ್ಸ್ ಯೂಯಿಂಗ್ ಎಂಬ ಪ್ರಸಿದ್ಧ ಪೆಥಾಲಜಿ ತಜ್ಞ ರೇಡಿಯಂ ಪರವಾಗಿ ನಿಂತರು. ಮಕ್ಕಳ ಮೂಳೆಗೆ ಬರುವ ಯೂಯಿಂಗ್ ಸಾರ್ಕೋಮಾಗೆ ಹೆಸರು ಬಂದದ್ದು ಇವರಿಂದಲೇ. ಅವರಿಗೆ ಕೋಲಿ ಮದ್ದಿನ ಮೇಲೆ ನಂಬಿಕೆ ಇರಲಿಲ್ಲ. ಕೋಲಿ ಎಕ್ಸ್‌ರೇ ವಿರೋಧಿ ಏನಲ್ಲ, ತಾವೂ ಬಳಸಿ ನೋಡಿದರು. ಆದರೆ ರೋಗ ಮೈಯಲ್ಲಿ ಹರಡಿದ ಮೇಲೆ ಅದರಿಂದ ಉಳಿದವರು ಕಡಿಮೆ ಅಂತ ಅವರ ಅನುಭವ.

ಹೊಟ್ಟೆಪಾಡಿಗೆ ಕೋಲಿ ಹರ್ನಿಯಾ ಆಪರೇಷನ್ ಮಾಡುತ್ತಿದ್ದರು, ಅದರಲ್ಲೂ ಅಮೆರಿಕಕ್ಕೇ ದೊಡ್ಡ ಹೆಸರು. ಜೊತೆಗೆ ನಲವತ್ತು ವರ್ಷ ಈ ಮದ್ದು ಬಿಡಲಿಲ್ಲ. ಸಾವಿರದ ಹತ್ತಿರ ಪೇಷಂಟುಗಳಿಗೆ ಕೊಟ್ಟರು. 1936ರ ಏಪ್ರಿಲ್ 16ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ಅವರಿಗೆ 74 ವರ್ಷ. ಅವರ ಹಿಂದೆ ಈ ಕೆಲಸ ಹಿಡಿದು ನಡೆಸುವವರು ಬಹುತೇಕ ಯಾರೂ ಇರಲಿಲ್ಲ.

ಮಗಳು ಬಿಚ್ಚಿದ ಕಾಗದದ ಗಂಟು

ಕೋಲಿ ಮಗಳು ಹೆಲೆನ್ ಕೋಲಿ ನಾಟ್ಸ್ ಡಾಕ್ಟರಿಕೆ ಓದಿದವರಲ್ಲ. ಅಪ್ಪನ ಜೀವನ ಚರಿತ್ರೆ ಬರೆಯೋಣ ಅಂತ ಹಳೇ ಕಾಗದ ಪತ್ರ ಬಿಚ್ಚಿ ಕೂತರು. ಸಾವಿರಾರು ಪತ್ರ, ಪೇಷಂಟುಗಳ ವಿವರ ಅದರಲ್ಲಿದ್ದವು. ಓದುತ್ತಾ ಹೋದಂತೆ ಇದು ಬರೀ ಅಪ್ಪನ ಕಥೆಯಲ್ಲ, ಬಿಟ್ಟುಹೋದ ಒಂದು ಚಿಕಿತ್ಸೆಯ ಲೆಕ್ಕ ಅಂತ ಗೊತ್ತಾಯಿತು.

ಅವರು ಸ್ವಂತ ಕಲಿತು ಒಂದೊಂದೇ ಕೇಸು ಪಟ್ಟಿ ಮಾಡಿದರು. ಯಾವ ತಯಾರಿಕೆ ಕೊಟ್ಟಿದ್ದು, ಎಷ್ಟು ದಿನ ಕೊಟ್ಟಿದ್ದು, ಜ್ವರ ಎಷ್ಟು ಬಂತು, ಪೇಷಂಟ್ ಎಷ್ಟು ವರ್ಷ ಬದುಕಿದ ಅಂತೆಲ್ಲ ಜೋಡಿಸಿದರು. 13 ಬಗೆಯ ತಯಾರಿಕೆ ಇದ್ದವು ಅನ್ನೋದು ಬೆಳಕಿಗೆ ಬಂದದ್ದೂ ಇವರ ಈ ಕೆಲಸದಿಂದಲೇ. ಅಪ್ಪ ತಮ್ಮ ಕಾಲದಲ್ಲಿ ಇಡದ ಲೆಕ್ಕವನ್ನು ಮಗಳು ಹೀಗೆ ಬರೆದಿಟ್ಟರು.

1953ರಲ್ಲಿ ಹೆಲೆನ್ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸಂಸ್ಥೆ ಕಟ್ಟಿದರು. ಶುರುವಿನ ಬಂಡವಾಳ ನೆಲ್ಸನ್ ರಾಕ್‌ಫೆಲರ್ ಕೊಟ್ಟ 2,000 ಡಾಲರ್. ಬೆಸ್ಸಿಯ ಗೆಳೆಯನಾಗಿದ್ದ ರಾಕ್‌ಫೆಲರ್ ಜೂನಿಯರ್ ಅವರ ಮಗನೇ ಈ ನೆಲ್ಸನ್. ಹೆಲೆನ್ 2001ರಲ್ಲಿ ತೀರಿಕೊಂಡರು. ಅವರ ಸಂಸ್ಥೆ ಇವತ್ತೂ ಇದೆ.

ಕೋಲಿ ಮದ್ದು ಮತ್ತೆ ಅಂಗಡಿಗೆ ಬರಲಿಲ್ಲ. ಆದರೆ ಅದರ ಒಳಗಿನ ವಿಚಾರ ಎರಡು ದಾರಿ ಹಿಡಿದು ಬೆಳೆಯಿತು. ಮೊದಲನೆಯದು, ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸಿ ಕ್ಯಾನ್ಸರ್ ಮೇಲೆ ಬಿಡುವುದು. ರೋಗಾಣು ಮೈಯೊಳಗೆ ಬಂದಾಗ ಎಚ್ಚೆತ್ತ ರಕ್ಷಣಾ ಕಣಗಳು ಗಡ್ಡೆಯನ್ನೂ ಹೊಡೆದಿರಬೇಕು ಅನ್ನೋದು ಈಗಿನ ತಿಳಿವಳಿಕೆ. ಮಕ್ಕಳು ಹುಟ್ಟಿದ ಕೂಡಲೇ ಕ್ಷಯಕ್ಕೆ ಹಾಕಿಸುವ ಬಿಸಿಜಿ ಲಸಿಕೆಯನ್ನು 1976ರಿಂದೀಚೆಗೆ ಮೂತ್ರಕೋಶದ ಕ್ಯಾನ್ಸರ್‌ಗೂ ಬಳಸುತ್ತಾರೆ. ಅದು ಕೋಲಿ ವಿಚಾರದ ಸೋದರ. 2018ರ ವೈದ್ಯಕೀಯ ನೊಬೆಲ್ ಬಂದದ್ದೂ ಇದೇ ದಾರಿಯ ಇಮ್ಯುನೋಥೆರಪಿ ಸಂಶೋಧನೆಗೆ. ಎರಡನೇ ದಾರಿ ಬಿಸಿಯದು.

ಬಿಸಿಗೆ ಔಷಧಿ ಜೋಡಿಯಾದದ್ದು

ಕೋಲಿ ಬದುಕಿದ್ದಾಗಲೇ, 1898ರಲ್ಲಿ, ಸ್ವೀಡನ್ನಿನ ವೆಸ್ಟರ್‌ಮಾರ್ಕ್ ಎಂಬ ಡಾಕ್ಟರ್ ಗರ್ಭಕಂಠದ ಕ್ಯಾನ್ಸರ್‌ಗೆ ಬಿಸಿನೀರು ಹರಿಸಿ ನೋಡಿದ್ದರು. ಜ್ವರ ಇಲ್ಲದೆ ಬರೀ ಬಿಸಿಗೂ ಗಡ್ಡೆ ಇಳಿಯುತ್ತದೆ ಅಂತ ಆಗ ಕಂಡಿತು. ಆದರೆ ಬಿಸಿಯೊಂದೇ ಸಾಕಾಗುತ್ತಿರಲಿಲ್ಲ.

ಔಷಧಿ ಬಂದದ್ದು ಕೋಲಿ ತೀರಿಕೊಂಡ ಮೇಲೆ. ಅವರು ಓದಿದ ಯೇಲ್ ವಿಶ್ವವಿದ್ಯಾಲಯದಲ್ಲೇ 1942ರಲ್ಲಿ ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು ಕ್ಯಾನ್ಸರ್ ಪೇಷಂಟಿಗೆ ಕೊಟ್ಟರು. 1947ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಬಂದ ಮಕ್ಕಳಿಗೆ ಅಮಿನೋಪ್ಟೆರಿನ್ ಕೊಟ್ಟು ನೋಡಿದರು. ಆ ಔಷಧಿ ತಯಾರಾದದ್ದು ಲೆಡರ್ಲಿ ಕಂಪನಿಯಲ್ಲಿ, ಭೀಮಾವರಂನ ಸುಬ್ಬರಾವ್ ಅವರ ತಂಡದಿಂದ. ಅದೇ ಮನೆತನದ ಮೆಥೋಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ.

ಬಿಸಿಯನ್ನು ಲೆಕ್ಕ ಹಾಕಿ ಬಳಸುವ ಕೆಲಸ 1960ರ ದಶಕದಲ್ಲಿ ಮತ್ತೆ ಶುರುವಾಯಿತು. 1967ರಲ್ಲಿ ಇಟಲಿಯ ರೆನಾಟೊ ಕವಲಿಯೇರಿ ತಂಡ ಕೈಕಾಲಿನ ಕ್ಯಾನ್ಸರ್‌ಗೆ ಬಿಸಿ ಮಾಡಿದ ರಕ್ತ ಹರಿಸಿದ್ದನ್ನು ವರದಿ ಮಾಡಿತು. 1980ರಲ್ಲಿ ಅಮೆರಿಕದ ಜಾನ್ ಸ್ಪ್ರ್ಯಾಟ್ ತಂಡ, ಹೊಟ್ಟೆಯೊಳಗೆ ಬಿಸಿ ಕಿಮೋ ಹರಿಸಿದ ಮೊದಲ ಕೇಸನ್ನು ಪ್ರಕಟಿಸಿತು. ಈಗಿನ ಹೈಪೆಕ್ ಬೆಳೆದದ್ದು ಅಲ್ಲಿಂದ.

ಬಿಸಿಯಲ್ಲಿ ಏನಾಗುತ್ತದೆ ಅಂದರೆ, ಮೈಯ ಸಾಮಾನ್ಯ ಶಾಖ 37 ಡಿಗ್ರಿ ಸೆಲ್ಸಿಯಸ್. ಅದನ್ನು 41ರಿಂದ 43ಕ್ಕೆ ಏರಿಸಿದರೆ ಜೀವಕೋಶದೊಳಗಿನ ಪ್ರೋಟೀನುಗಳು ಆಕಾರ ಕೆಡುತ್ತವೆ. ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಪ್ಲ್ಯಾನ್ ಇಲ್ಲದೆ ಎದ್ದ ಬಡಾವಣೆಯ ಚರಂಡಿ ಇದ್ದ ಹಾಗೆ, ಅಂಕುಡೊಂಕು. ಬಿಸಿ ಹೊರಗೆ ಹರಿದು ಹೋಗದೆ ಒಳಗೇ ನಿಲ್ಲುತ್ತದೆ. ಒಳ್ಳೆಯ ಭಾಗದಲ್ಲಿ ರಕ್ತ ಜೋರಾಗಿ ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ಬಿಸಿಯಲ್ಲಿ ಜೀವಕೋಶದ ಗೋಡೆ ಸಡಿಲವಾಗಿ ಔಷಧಿ ಹೆಚ್ಚು ಒಳಗಿಳಿಯುತ್ತದೆ. ಔಷಧಿಯಿಂದ ಆದ ಪೆಟ್ಟನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಕ್ಯಾನ್ಸರ್ ಕೋಶಕ್ಕೆ ಕಡಿಮೆಯಾಗುತ್ತದೆ. ಸಿಸ್‌ಪ್ಲಾಟಿನ್, ಮೈಟೋಮೈಸಿನ್‌ನಂತಹ ಔಷಧಿಗಳು ಬಿಸಿಯಲ್ಲಿ ಹೆಚ್ಚು ಚುರುಕಾಗುವುದು ಇದರಿಂದಲೇ.

ಮಂಡಕ್ಕಿ ಭಟ್ಟಿಯಲ್ಲಿ ಮರಳು ಸರಿಯಾಗಿ ಕಾಯದಿದ್ದರೆ ಅಕ್ಕಿ ಅರಳಲ್ಲ, ಹೆಚ್ಚು ಕಾದರೆ ಸೀಯುತ್ತದೆ. ಹೈಪೆಕ್‌ನಲ್ಲೂ ಹಾಗೇ. ಎರಡು ಡಿಗ್ರಿ ಕಡಿಮೆಯಾದರೆ ಬಿಸಿಯ ಲಾಭ ಕಡಿಮೆ, ಎರಡು ಡಿಗ್ರಿ ಹೆಚ್ಚಾದರೆ ಒಳ್ಳೆಯ ಕರುಳಿಗೂ ಪೆಟ್ಟು. ಅದಕ್ಕೇ ಮೆಷಿನ್, ಥರ್ಮಾಮೀಟರ್ ಇಟ್ಟುಕೊಂಡು ಇಡೀ ಹೊತ್ತು ಅಳೆಯುತ್ತಾರೆ.

ಯಾರಿಗೆ ಉಪಯೋಗ, ಯಾರಿಗಲ್ಲ

ಹೈಪೆಕ್ ಅಂದರೆ ಮೊದಲು ದೊಡ್ಡ ಆಪರೇಷನ್. ಹೊಟ್ಟೆಯೊಳಗೆ ಹರಡಿದ ಗಡ್ಡೆಗಳನ್ನು ಕಣ್ಣಿಗೆ ಕಂಡಷ್ಟೂ ತೆಗೆಯುತ್ತಾರೆ. ಇದಕ್ಕೇ ಎಷ್ಟೋ ಗಂಟೆ ಬೇಕು. ಆಮೇಲೆ ಅದೇ ಟೇಬಲ್ ಮೇಲೆ ಬಿಸಿ ಕಿಮೋ ದ್ರವವನ್ನು 60ರಿಂದ 90 ನಿಮಿಷ ಹೊಟ್ಟೆಯೊಳಗೆ ಹರಿಸುತ್ತಾರೆ. ಔಷಧಿ ಗಡ್ಡೆಯೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಹಾಗಾಗಿ ದೊಡ್ಡ ಗಡ್ಡೆ ಉಳಿಸಿಕೊಂಡು ಬರೀ ಬಿಸಿ ಔಷಧಿ ಹಾಕಿಸಿದರೆ ಪ್ರಯೋಜನ ಇಲ್ಲ.

ಕೋಲಿ ಕಾಲದಲ್ಲಿ ಇರದಿದ್ದ ಎರಡು ಗುಂಪಿನ ಹೋಲಿಕೆ ಈಗ ಆಗಿದೆ. ನೆದರ್‌ಲ್ಯಾಂಡ್ಸ್ ಡಾಕ್ಟರುಗಳು ಮೂರನೇ ಹಂತದ ಅಂಡಾಶಯ ಕ್ಯಾನ್ಸರ್ ಇದ್ದ 245 ಹೆಂಗಸರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಬರೀ ಆಪರೇಷನ್ ಆದವರು ಬದುಕಿದ ಮಧ್ಯಮ ಅವಧಿ 33.9 ತಿಂಗಳು. ಜೊತೆಗೆ ಬಿಸಿ ಕಿಮೋ ಪಡೆದವರದು 45.7 ತಿಂಗಳು. ಸುಮಾರು ಒಂದು ವರ್ಷ ಹೆಚ್ಚು.

ಆದರೆ ಫ್ರಾನ್ಸ್‌ನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೊಟ್ಟೆಗೆ ಹರಡಿದ 265 ಜನರ ಮೇಲೆ ಬೇರೆ ಔಷಧಿಯಿಂದ ನಡೆದ ಅಧ್ಯಯನದಲ್ಲಿ ಆಯಸ್ಸು ಹೆಚ್ಚಲಿಲ್ಲ. 2021ರಲ್ಲಿ ಬಂದ ಈ ವರದಿಯಲ್ಲಿ ಎರಡೂ ಗುಂಪಿನವರು ಹೆಚ್ಚುಕಮ್ಮಿ 41 ತಿಂಗಳು ಬದುಕಿದ್ದರು. ಅಂದರೆ ಒಂದು ಕ್ಯಾನ್ಸರ್‌ಗೆ ಲಾಭ ಕಂಡಿತು ಅಂತ ಎಲ್ಲದಕ್ಕೂ ಹಾಕಿಸಲು ಬರಲ್ಲ. ಬೆಂಗಳೂರಿನಲ್ಲಿ 2010ರ ದಶಕದಲ್ಲೇ ಡಾ. ಎಸ್.ಪಿ. ಸೋಮಶೇಖರ್ ಅವರಂತಹ ಸರ್ಜನ್‌ಗಳು ಹೈಪೆಕ್ ಮಾಡಲು ಶುರು ಮಾಡಿದರು. ಖರ್ಚು ಲಕ್ಷಗಟ್ಟಲೆ. ಹೊಲ, ಅಂಗಡಿ ಅಡವಿಡುವ ಮೊದಲು ಈ ಕ್ಯಾನ್ಸರ್‌ಗೆ, ಈ ಹಂತಕ್ಕೆ ಇದರಿಂದ ಲಾಭ ಇದೆಯಾ, ಗಡ್ಡೆ ಪೂರ್ತಿ ತೆಗೆಯಲು ಬರುತ್ತದಾ, ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ ಅನ್ನೋ ಮೂರು ಪ್ರಶ್ನೆ ಕೇಳಬೇಕು.

ಗಂಟಿಗೆ ಶಾಖ ಬೇಡ

ಜಿಲ್ಲೆಯ ಹಳ್ಳಿಗಳಲ್ಲಿ ಗಂಟು ಕಂಡರೆ ಮೊದಲು ಉಪ್ಪಿನ ಶಾಖ, ಇಟ್ಟಿಗೆ ಕಾವು, ಅದೂ ಆಗದಿದ್ದರೆ ಬರೆ ಹಾಕಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಿಸಿಗೆ ಕ್ಯಾನ್ಸರ್ ಕರಗುತ್ತದೆ ಅಂತ ಮೊಬೈಲ್‌ನಲ್ಲಿ ನೋಡಿದವರು ಇದೇ ಸರಿ ಅಂದುಕೊಳ್ಳುವ ಅಪಾಯವೂ ಇದೆ. ಚರ್ಮದ ಮೇಲೆ ಇಟ್ಟ ಶಾಖ ಒಳಗಿನ ಗಡ್ಡೆಗೆ ಬೇಕಾದ ಅಳತೆಯಲ್ಲಿ ಮುಟ್ಟುವುದಿಲ್ಲ. ಬರೆ ಚರ್ಮ ಸುಡುತ್ತದೆ, ಗಾಯಕ್ಕೆ ಕೀವು ತುಂಬುತ್ತದೆ. ಅಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ. ಬೆಸ್ಸಿಯ ಮನೆಯವರೂ ಸಣ್ಣ ಪೆಟ್ಟು ಅಂತಲೇ ಕಾದಿದ್ದರು.

ಎರಡು ಮೂರು ವಾರ ಕಳೆದರೂ ಇಳಿಯದ ಗಂಟು, ಗುಟ್ಕಾ ತಿನ್ನುವವರ ಬಾಯಲ್ಲಿ ಮಾಯದ ಹುಣ್ಣು, ಬಿಳಿ ಕಲೆ, ಕಾರಣ ಇಲ್ಲದೆ ಹೊಟ್ಟೆ ಉಬ್ಬುವುದು, ಮುಟ್ಟು ನಿಂತ ಮೇಲೆ ರಕ್ತ ಹೋಗುವುದು ಕಂಡರೆ ಮೊದಲು ಬ್ಯಾಡಗಿ, ರಾಣೆಬೆನ್ನೂರು ತಾಲೂಕು ಆಸ್ಪತ್ರೆ ಇಲ್ಲವೇ ಹಾವೇರಿ ಜಿಲ್ಲಾ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಸರ್ಕಾರಿ ಕಿದ್ವಾಯಿ ಸಂಸ್ಥೆಗೆ ಬರೆದುಕೊಡುತ್ತಾರೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಜೊತೆಗೆ ಹಳೇ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಬೇಕು.